ದಮ್ಮಿನ ರೋಗಿಗೆ ಔಷಧಿ: ಕೊಡುವ ಮೊದಲು, ಕೊಡುವಾಗ, ಕೊಟ್ಟ ಮೇಲೆ

ತೊಗರಿ ರಾಶಿಯೂ ಡಿಸೆಂಬರ್ ಚಳಿಯೂ ನಮ್ಮಲ್ಲಿ ಜೊತೆಯಾಗಿಯೇ ಬರುತ್ತವೆ. ರಾಶಿ ಯಂತ್ರದ ಹೊಟ್ಟು, ಬೆಳಗಿನ ಥಂಡಿ, ಒಲೆಯ ಕುಳ್ಳಿನ ಹೊಗೆ ಮೂರೂ ಕೂಡಿದ ವಾರಗಳಲ್ಲಿ ಕಲಬುರಗಿಯ ಯಾವುದೇ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ದಮ್ಮು ಹತ್ತಿದವರು ಮಂಚದ ಅಂಚು ಹಿಡಿದು, ಮುಂದಕ್ಕೆ ಬಾಗಿ, ಹೆಗಲು ಏರಿಸಿ ಉಸಿರೆಳೆಯುತ್ತಿರುತ್ತಾರೆ. ದಾಲ್ ಮಿಲ್ಲಿನ ಹಮಾಲರು, ಶಹಾಬಾದ್ ಕಲ್ಲಿನ ಗಣಿ ಮತ್ತು ಪಾಲಿಶ್ ಕೆಲಸದವರು, ವರ್ಷಗಟ್ಟಲೆ ಒಲೆ ಊದಿದ ತಾಯಂದಿರು, ಬೀಡಿ ಬಿಡಲಾಗದ ಹಿರಿಯರು.

ಇವರಿಗೆ ಕೊಡುವ ಔಷಧಿಗಳು ಬಹುತೇಕ ಅವೇ ನಾಲ್ಕೈದು. ಆದರೆ ಅದೇ ಔಷಧಿ ಒಬ್ಬರ ಕೈಯಲ್ಲಿ ಶ್ವಾಸನಾಳಕ್ಕೆ ತಲುಪುತ್ತದೆ, ಇನ್ನೊಬ್ಬರ ಕೈಯಲ್ಲಿ ಮಾಸ್ಕಿನ ಸಂದಿಯಿಂದ ವಾರ್ಡಿನ ಗಾಳಿಗೆ ಸೇರುತ್ತದೆ. ವ್ಯತ್ಯಾಸ ಇರುವುದು ಶುಶ್ರೂಷೆಯಲ್ಲಿ. ನರ್ಸಿಂಗ್ ಓದುತ್ತಿರುವವರು, ಹೊಸದಾಗಿ ಡ್ಯೂಟಿಗೆ ಸೇರಿದ ಶುಶ್ರೂಷಾಧಿಕಾರಿಗಳು, ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಒಬ್ಬರೇ ರೋಗಿಯನ್ನು ಎದುರಿಸಬೇಕಾದವರು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ದಮ್ಮಿನವರಿದ್ದರೆ ಪಂಪ್ (ಬಾಯಿಯಿಂದ ಔಷಧಿ ಎಳೆದುಕೊಳ್ಳುವ ಇನ್ಹೇಲರ್) ಬಗ್ಗೆ ಬರೆದ ಭಾಗವನ್ನು ಅವರೂ ಓದಬಹುದು. ಇಲ್ಲಿರುವ ಅಳತೆಗಳು ವೈದ್ಯರ ಲಿಖಿತ ಆದೇಶವನ್ನು ಅರ್ಥಮಾಡಿಕೊಳ್ಳಲು, ಅನುಮಾನ ಬಂದರೆ ಪ್ರಶ್ನಿಸಲು. ಆದೇಶದ ಬದಲಿಗೆ ಬಳಸಲು ಅಲ್ಲ.

ಮೊದಲ ಹೆಜ್ಜೆ: ಔಷಧಿ ಮುಟ್ಟುವ ಮುನ್ನ ರೋಗಿಯನ್ನು ನೋಡಿ

ರೋಗಿಯನ್ನು ಮಲಗಿಸಬೇಡಿ. ಬೆನ್ನಿಗೆ ದಿಂಬು ಕೊಟ್ಟು ನೇರವಾಗಿ ಕೂಡಿಸಿ, ಮುಂದಕ್ಕೆ ಬಾಗಿ ಕೂರುವುದೇ ಹಿತವಾದರೆ ಮೇಜಿನ ಮೇಲೆ ಕೈಯೂರಲು ಬಿಡಿ. ಸೀರೆಯ ಗಂಟು, ಶರ್ಟಿನ ಗುಂಡಿ ಬಿಗಿಯಿದ್ದರೆ ಸಡಿಲಿಸಿ. ಸುತ್ತ ನೆರೆದ ಬಂಧುಗಳಲ್ಲಿ ಒಬ್ಬರನ್ನು ಉಳಿಸಿಕೊಂಡು ಮಿಕ್ಕವರನ್ನು ಹೊರಗೆ ಕಳುಹಿಸಿ.

ನಂತರ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸವನ್ನು ದಮ್ಮಿನ ರೋಗಿಯ ವಿಷಯದಲ್ಲಿ ಬಿಟ್ಟುಬಿಡಿ. ವಯಸ್ಕರಲ್ಲಿ ನಿಮಿಷಕ್ಕೆ 12ರಿಂದ 20 ಸಹಜ. 25 ದಾಟಿದರೆ ಎಚ್ಚರ, 30 ದಾಟಿದರೆ ತುರ್ತು. ಮಕ್ಕಳಲ್ಲಿ ಲೆಕ್ಕ ಬೇರೆ: ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದ ಮಗುವಿಗೆ 40. ಈ ಸಂಖ್ಯೆಯನ್ನು ಮುಟ್ಟಿದರೆ ಅದು ವೇಗದ ಉಸಿರು. ಮಗು ಅಳುವಾಗ ಎಣಿಸಬೇಡಿ, ತಾಯಿಯ ತೊಡೆಯ ಮೇಲೆ ಸಮಾಧಾನವಾದ ಮೇಲೆ ಅಂಗಿ ಎತ್ತಿ ನೋಡಿ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಎದೆ ಒಳಕ್ಕೆ ಹೋಗುತ್ತಿದ್ದರೆ ತಡಮಾಡುವಂತಿಲ್ಲ.

ಯಂತ್ರವಿಲ್ಲದೆಯೇ ತೀವ್ರತೆ ಅಳೆಯಲು ಒಂದು ದಾರಿ ಇದೆ. 'ಅವ್ವಾ, ಯಾವ ಊರು? ಯಾರ ಜೊತೆ ಬಂದಿದ್ದೀರಿ?' ಎಂದು ಕೇಳಿ. 'ಜೇವರ್ಗಿಯಿಂದ ಮಗನ ಜೊತೆ ಬಂದೆ' ಎಂದು ಒಂದೇ ಉಸಿರಿಗೆ ಹೇಳಿದರೆ ಸ್ವಲ್ಪ ಸಮಯವಿದೆ. 'ಜೇವರ್ಗಿ' ಎಂದು ನಿಲ್ಲಿಸಿ, ಉಸಿರೆಳೆದು, 'ಮಗ' ಎಂದು ಮತ್ತೆ ನಿಲ್ಲಿಸಿದರೆ ತೀವ್ರ ದಾಳಿ. ಮಾತೇ ಇಲ್ಲ, ತುಟಿ ನೀಲಿ, ಮಂಪರು ಎಂದಾದರೆ ಕೂಗಿ ವೈದ್ಯರನ್ನು ಕರೆಯಿರಿ. ಇನ್ನೊಂದು ಮಾತು. ಸುಂಯ್‌ಗುಡುವ ಸದ್ದು ಕಡಿಮೆಯಾಯಿತೆಂದು ನೆಮ್ಮದಿಪಡುವ ಮೊದಲು ರೋಗಿಯ ಮುಖ ನೋಡಿ. ಮುಖ ಅರಳಿದ್ದರೆ ಗುಣ. ಮುಖ ಬಾಡಿ, ಕಣ್ಣು ಮುಚ್ಚುತ್ತಾ, ಸದ್ದೂ ನಿಂತಿದ್ದರೆ ಗಾಳಿಯ ಓಡಾಟವೇ ನಿಲ್ಲುತ್ತಿದೆ ಎಂದರ್ಥ.

ಔಷಧಿಗಳ ಬಗ್ಗೆ ಕೇಳುವಾಗ 'ಬೇರೆ ಗುಳಿಗೆ ತಗೊಳ್ಳುತ್ತೀರಾ' ಎಂದು ಕೇಳಿ ಬಿಡಬೇಡಿ, ಚೀಲ ತೆಗೆಸಿ ನೋಡಿ. ಕೈ ನಡುಕಕ್ಕೋ ತಲೆನೋವಿಗೋ ಕೊಟ್ಟ ಪ್ರೊಪ್ರನೊಲಾಲ್, ಬಿ.ಪಿ.ಗೆ ಕೊಟ್ಟ ಅಟೆನೊಲಾಲ್ ಶ್ವಾಸನಾಳವನ್ನು ಬಿಗಿಗೊಳಿಸಬಲ್ಲವು. ಮೊಣಕಾಲು ನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೊಫೆನಾಕ್, ಆಸ್ಪಿರಿನ್ ಕೆಲವು ಅಸ್ತಮಾ ರೋಗಿಗಳಲ್ಲಿ ದಾಳಿಯನ್ನೇ ಎಬ್ಬಿಸುತ್ತವೆ. ಸಕ್ಕರೆ ಕಾಯಿಲೆ, ಕಣ್ಣಿನ ಗ್ಲಾಕೋಮಾ, ಮೂತ್ರ ಕಟ್ಟುವ ತೊಂದರೆ, ಗರ್ಭ, ಟಿ.ಬಿ. ಚಿಕಿತ್ಸೆ ಇವನ್ನೂ ಬರೆದುಕೊಳ್ಳಿ. ಯಾಕೆಂದು ಮುಂದೆ ತಿಳಿಯುತ್ತದೆ.

ಎರಡನೆಯದು: ಕೈಯಲ್ಲಿರುವ ಔಷಧಿ ಏನು ಮಾಡುತ್ತದೆ ಎಂದು ತಿಳಿದಿರಲಿ

ಸಾಲ್ಬುಟಮಾಲ್ ಶ್ವಾಸನಾಳದ ಸುತ್ತಲಿನ ಸ್ನಾಯುವನ್ನು ಸಡಿಲಿಸುತ್ತದೆ. ಎಳೆದುಕೊಂಡ 5 ನಿಮಿಷದಲ್ಲಿ ಕೆಲಸ ಶುರು, 4ರಿಂದ 6 ಗಂಟೆ ಅದರ ಬಲ. ಲೆವೊಸಾಲ್ಬುಟಮಾಲ್ ಅದರದೇ ಇನ್ನೊಂದು ರೂಪ. ಕೊಟ್ಟ ಮೇಲೆ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಇದನ್ನು ಮೊದಲೇ ಹೇಳಿದರೆ ರೋಗಿ ಹೆದರಿ ಮಾಸ್ಕ್ ಕಿತ್ತೆಸೆಯುವುದಿಲ್ಲ. ಪದೇಪದೇ ಕೊಟ್ಟಾಗ ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ, ಸಕ್ಕರೆ ಏರಬಹುದು. ನಾಡಿ ಜೋರಾಗಿದೆ ಎಂದು ನೀವಾಗಿಯೇ ನಿಲ್ಲಿಸಬೇಡಿ. ತೀವ್ರ ದಾಳಿಯಲ್ಲಿ ನಾಡಿ ಓಡುವುದು ಉಸಿರುಗಟ್ಟಿದ್ದರಿಂದಲೂ ಹೌದು, ಔಷಧಿ ಹತ್ತಿದಂತೆ ಎಷ್ಟೋ ಸಲ ಅದು ಇಳಿಯುತ್ತದೆ. ಸಂಖ್ಯೆ ಬರೆದು ವೈದ್ಯರಿಗೆ ತಿಳಿಸಿ.

ಇಪ್ರಾಟ್ರೋಪಿಯಂ ಬೇರೆ ದಾರಿಯಿಂದ ನಾಳವನ್ನು ತೆರೆಯುತ್ತದೆ, ನಿಧಾನವಾಗಿ. ಆದ್ದರಿಂದ ತೀವ್ರ ದಾಳಿಯಲ್ಲಿ ಸಾಲ್ಬುಟಮಾಲ್ ಜೊತೆ ಸೇರಿಸಿ ಕೊಡುತ್ತಾರೆ. ಬಾಯಿ ಒಣಗುತ್ತದೆ. ಮಾಸ್ಕಿನ ಮೇಲಂಚಿನಿಂದ ಸೋರಿ ಕಣ್ಣಿಗೆ ಹೋದರೆ ಗ್ಲಾಕೋಮಾ ಇರುವವರ ಕಣ್ಣಿನ ಒತ್ತಡ ಏರುತ್ತದೆ. ಅಂಥವರಿಗೆ ಮಾಸ್ಕ್ ಬಿಟ್ಟು ಬಾಯಿಗಿಡುವ ಕೊಳವೆ ಕೊಡಿ. ಪ್ರಾಸ್ಟೇಟ್ ತೊಂದರೆಯ ಹಿರಿಯರು ಮೂತ್ರ ಮಾಡಿದರೋ ಇಲ್ಲವೋ ವಿಚಾರಿಸಿ.

ಸ್ಟೆರಾಯ್ಡ್‌ಗಳು ನಾಳದ ಒಳಗಿನ ಊತವನ್ನು ಇಳಿಸುತ್ತವೆ. ಹೈಡ್ರೊಕಾರ್ಟಿಸೋನ್ ಸೂಜಿ ಕೊಟ್ಟ ತಕ್ಷಣ ದಮ್ಮು ನಿಲ್ಲಬೇಕೆಂದು ಬಂಧುಗಳು ಕಾಯುತ್ತಾರೆ, ಕೆಲವೊಮ್ಮೆ ನಾವೂ ಕಾಯುತ್ತೇವೆ. ಅದರ ಪರಿಣಾಮಕ್ಕೆ ಹಲವು ಗಂಟೆ ಬೇಕು. ಅದಕ್ಕೇ ಬೇಗ ಶುರುಮಾಡಬೇಕು, ಮತ್ತು ಆ ನಡುವಿನ ಗಂಟೆಗಳನ್ನು ನೆಬ್ಯುಲೈಸರ್ (ಔಷಧಿಯನ್ನು ಆವಿಯಂತೆ ಮಾಡಿ ಮಾಸ್ಕಿನಿಂದ ಕೊಡುವ ಯಂತ್ರ) ತುಂಬಬೇಕು. ನುಂಗಬಲ್ಲ ರೋಗಿಗೆ ಪ್ರೆಡ್ನಿಸೊಲೋನ್ ಗುಳಿಗೆ ಸೂಜಿಯಷ್ಟೇ ಪರಿಣಾಮಕಾರಿ. ವಯಸ್ಕರಿಗೆ ಸಾಮಾನ್ಯವಾಗಿ ದಿನಕ್ಕೆ 40 ಮಿಲಿಗ್ರಾಂ, 5ರಿಂದ 7 ದಿನ, ಬೆಳಗ್ಗೆ ರೊಟ್ಟಿ ಊಟವಾದ ಮೇಲೆ. ಸಕ್ಕರೆ ಕಾಯಿಲೆಯವರಿಗೆ ಈ ದಿನಗಳಲ್ಲಿ ಸಕ್ಕರೆ ಖಂಡಿತ ಏರುತ್ತದೆ, ದಿನವೂ ಪರೀಕ್ಷಿಸಿ. ತಿಂಗಳುಗಟ್ಟಲೆ ಸ್ಟೆರಾಯ್ಡ್ ಗುಳಿಗೆ ನುಂಗಿದವರು ಒಮ್ಮೆಲೇ ಬಿಡುವುದು ಅಪಾಯ. ಹೆಸರಿಲ್ಲದ ಪುಡಿಯನ್ನೋ ಗುಳಿಗೆಯನ್ನೋ 'ದಮ್ಮಿನ ಔಷಧಿ' ಎಂದು ವರ್ಷಗಟ್ಟಲೆ ತೆಗೆದುಕೊಂಡಿದ್ದಾರೆ, ಮುಖ ದುಂಡಗಾಗಿದೆ, ಕೈಕಾಲು ಸಣ್ಣಗಾಗಿವೆ ಎಂದರೆ ಅದರಲ್ಲಿ ಸ್ಟೆರಾಯ್ಡ್ ಇರಬಹುದೆಂದು ಶಂಕಿಸಿ ವೈದ್ಯರಿಗೆ ಹೇಳಿ.

ಥಿಯೋಫಿಲಿನ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಅದು ಸೇರಿರುವ ಡೆರಿಫಿಲಿನ್ ಸೂಜಿ ನಮ್ಮ ಭಾಗದಲ್ಲಿ ಬಲು ಜನಪ್ರಿಯ. ದಮ್ಮಿನವರೇ ಹೆಸರು ಹೇಳಿ ಕೇಳುತ್ತಾರೆ. ಗುಣ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಇಲ್ಲಿ ಅಂತರ ಬಹಳ ಕಡಿಮೆ. ರಕ್ತದಲ್ಲಿ ಮಿಲಿಲೀಟರಿಗೆ 20 ಮೈಕ್ರೋಗ್ರಾಂ ದಾಟಿದರೆ ವಾಂತಿ, ಎದೆಬಡಿತದ ಏರುಪೇರು, ಮುಂದೆ ಫಿಟ್ಸ್ ಕೂಡ ಬರಬಹುದು. ಇದರದೇ ಇನ್ನೊಂದು ರೂಪವಾದ ಅಮಿನೊಫಿಲಿನ್ ಆದೇಶವಿದ್ದರೆ ದ್ರಾವಣದಲ್ಲಿ ಬೆರೆಸಿ ಕನಿಷ್ಠ 20 ನಿಮಿಷಗಳಲ್ಲಿ ಹರಿಸಿ. ವೇಗವಾಗಿ ಒತ್ತಿದರೆ ಹೃದಯವೇ ನಿಲ್ಲಬಹುದು. ಕೊಡುವ ಮುನ್ನ 'ಮನೆಯಲ್ಲಿ ಡೆರಿಫಿಲಿನ್ ಗುಳಿಗೆ ನುಂಗಿದ್ದೀರಾ' ಎಂದು ಕೇಳಲೇಬೇಕು. ಸಿಪ್ರೊಫ್ಲಾಕ್ಸಾಸಿನ್, ಎರಿಥ್ರೊಮೈಸಿನ್ ಜೊತೆಗಿದ್ದರೆ ಅದರ ಮಟ್ಟ ಏರುತ್ತದೆ. ಟಿ.ಬಿ.ಯ ರಿಫಾಂಪಿಸಿನ್, ಮೂರ್ಛೆಯ ಫೆನಿಟೋಯಿನ್ ಅದನ್ನು ಇಳಿಸುತ್ತವೆ. ಬೀಡಿ ಸೇದುವವರಲ್ಲಿಯೂ ಇಳಿದಿರುತ್ತದೆ. ಹಾಗಾಗಿ ಬೀಡಿ ಬಿಟ್ಟವರಿಗೆ ಹಳೆಯ ಪ್ರಮಾಣವೇ ಹೆಚ್ಚಾಗಬಹುದು. ಇಷ್ಟೆಲ್ಲ ಕಾರಣಗಳಿಂದ ಈಗಿನ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಅಸ್ತಮಾ ದಾಳಿಯಲ್ಲಿ ಇದನ್ನು ರಕ್ತನಾಳಕ್ಕೆ ಕೊಡುವುದು ಬೇಡವೆನ್ನುತ್ತವೆ. ರೋಗಿ ಕೇಳಿದರೆಂದು ಕೊಡುವ ಔಷಧಿ ಇದು ಖಂಡಿತ ಅಲ್ಲ.

ಬಹಳ ತೀವ್ರವಾದಾಗ ಮೆಗ್ನೀಸಿಯಂ ಸಲ್ಫೇಟ್ 2 ಗ್ರಾಂ ಅನ್ನು 20 ನಿಮಿಷಗಳಲ್ಲಿ ಹರಿಸಲು ಹೇಳಬಹುದು. ರಕ್ತದೊತ್ತಡ ನೋಡುತ್ತಿರಿ. ಮಾಂಟೆಲುಕಾಸ್ಟ್ ರಾತ್ರಿಯ ಗುಳಿಗೆ, ದಾಳಿಯನ್ನು ನಿಲ್ಲಿಸುವುದಿಲ್ಲ. ಮಗು ಇದ್ದಕ್ಕಿದ್ದಂತೆ ಸಿಡುಕುವುದು, ಕೆಟ್ಟ ಕನಸಿಗೆ ಚೀರುವುದು ಶುರುವಾದರೆ ಅದನ್ನು ಈ ಗುಳಿಗೆಯ ಲೆಕ್ಕಕ್ಕೆ ಹಾಕಿ ವೈದ್ಯರಿಗೆ ತಿಳಿಸಿ.

ಒಂದು ನಿಷೇಧವನ್ನು ಮರೆಯಬೇಡಿ: ಉಸಿರಿಗಾಗಿ ಒದ್ದಾಡುತ್ತಿರುವ ರೋಗಿಯನ್ನು ಸುಮ್ಮನಾಗಿಸಲು ನಿದ್ರೆಯ ಸೂಜಿ ಕೊಡುವಂತಿಲ್ಲ. ಆ ಒದ್ದಾಟ ಆಮ್ಲಜನಕದ ಕೊರತೆಯಿಂದ ಬಂದದ್ದು, ನಿದ್ರೆ ಬಂದರೆ ಉಸಿರೂ ನಿಲ್ಲುತ್ತದೆ.

ಮೂರನೆಯದು: ನೆಬ್ಯುಲೈಸರ್ ಹಾಕುವ ಕ್ರಮ

ಕೈ ತೊಳೆಯಿರಿ. ಹೆಸರು, ಔಷಧಿ, ಪ್ರಮಾಣ, ಸಮಯ ಕೇಸ್ ಶೀಟಿನೊಂದಿಗೆ ಹೋಲಿಸಿ. ಕೊಡುವ ಮುನ್ನ ಉಸಿರಿನ ದರ, ನಾಡಿ, ಆಕ್ಸಿಮೀಟರ್ ಸಂಖ್ಯೆ ಬರೆಯಿರಿ. ವಯಸ್ಕರಿಗೆ ಸಾಲ್ಬುಟಮಾಲ್ 2.5ರಿಂದ 5 ಮಿಲಿಗ್ರಾಂ, ಮಕ್ಕಳಿಗೆ ಸಾಮಾನ್ಯವಾಗಿ 2.5. ಇಪ್ರಾಟ್ರೋಪಿಯಂ ವಯಸ್ಕರಿಗೆ 500 ಮೈಕ್ರೋಗ್ರಾಂ, ಚಿಕ್ಕ ಮಕ್ಕಳಿಗೆ 250. ನೆಬ್ಯುಲೈಸರಿನ ಔಷಧಿ ಹಾಕುವ ಕಪ್ಪಿನಲ್ಲಿ ಒಟ್ಟು 3ರಿಂದ 5 ಮಿಲಿಲೀಟರ್ ಇರಬೇಕು, ಕಡಿಮೆಯಾದರೆ ನಾರ್ಮಲ್ ಸಲೈನ್ ಸೇರಿಸಿ. ಬರಿ ನೀರು, ಡಿಸ್ಟಿಲ್ಡ್ ವಾಟರ್ ಹಾಕಬೇಡಿ, ಅವು ನಾಳವನ್ನು ಇನ್ನಷ್ಟು ಬಿಗಿಗೊಳಿಸುತ್ತವೆ.

ಕಪ್ಪು ನೇರವಾಗಿರಲಿ. ರೋಗಿ ಮಲಗಿದರೆ ಕಪ್ಪು ವಾಲುತ್ತದೆ, ಔಷಧಿ ತಳದಲ್ಲೇ ಉಳಿಯುತ್ತದೆ. ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರಲಿ. ಮಗು ಅತ್ತಿತೆಂದು ಮಾಸ್ಕನ್ನು ಮುಖದಿಂದ ದೂರ ಹಿಡಿದು ಹೊಗೆ ತೋರಿಸುವುದು ನಾನು ಎಲ್ಲಕ್ಕಿಂತ ಹೆಚ್ಚಾಗಿ ನೋಡಿರುವ ತಪ್ಪು. ಅಂಗುಲ ದೂರವಾದರೂ ತಲುಪುವ ಔಷಧಿ ಬಹಳ ಕಡಿಮೆಯಾಗುತ್ತದೆ. ತಾಯಿಯ ಮಡಿಲಲ್ಲಿ ಕೂಡಿಸಿ, ಮಾಸ್ಕನ್ನು ತಾಯಿಯ ಕೈಗೇ ಕೊಟ್ಟು, ಮೊದಲು ಅವಳ ಮುಖಕ್ಕೆ ಇಟ್ಟು ತೋರಿಸಿ. ಮಗು ಬೇಗ ಒಪ್ಪುತ್ತದೆ.

ಆಮ್ಲಜನಕದಿಂದ ಓಡಿಸುವುದಾದರೆ ನಿಮಿಷಕ್ಕೆ 6ರಿಂದ 8 ಲೀಟರ್. 10–15 ನಿಮಿಷದಲ್ಲಿ ಕಪ್ಪು ಚಟಪಟ ಸದ್ದು ಮಾಡುತ್ತದೆ, ಒಮ್ಮೆ ಬೆರಳಿನಿಂದ ತಟ್ಟಿ, ಆವಿ ನಿಂತರೆ ತೆಗೆಯಿರಿ. ಬುಡೆಸೊನೈಡ್ ಎಂಬ ಸ್ಟೆರಾಯ್ಡ್ ಇದ್ದರೆ ನಾಳ ತೆರೆಯುವ ಔಷಧಿ ಮೊದಲು, ಇದು ಆಮೇಲೆ. ಮುಗಿದ ನಂತರ ಬಾಯಿ ಮುಕ್ಕಳಿಸಿ ಉಗುಳಿಸಿ, ಮುಖ ಒರೆಸಿ. ಇಲ್ಲವಾದರೆ ನಾಲಿಗೆಯ ಮೇಲೆ ಬಿಳಿ ಬೂಷ್ಟು ಕಟ್ಟುತ್ತದೆ.

ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಅವೇ ಮೂರು ಸಂಖ್ಯೆಗಳನ್ನು ಬರೆಯಿರಿ, ಪಕ್ಕದಲ್ಲಿ ಒಂದು ಸಾಲು: ವಾಕ್ಯ ಪೂರ್ತಿ ಹೇಳುತ್ತಾರೆಯೇ, ಮಲಗಬಲ್ಲರೇ. ರಾತ್ರಿ ಡ್ಯೂಟಿಗೆ ಬರುವವರಿಗೆ 'ನೆಬ್ಯುಲೈಸೇಷನ್ ಕೊಡಲಾಗಿದೆ' ಎಂಬುದಕ್ಕಿಂತ ಆ ಸಾಲು ನೂರು ಪಾಲು ಉಪಯುಕ್ತ. ಕಪ್ಪು, ಮಾಸ್ಕ್ ಒಬ್ಬರದ್ದನ್ನು ಇನ್ನೊಬ್ಬರಿಗೆ ಹಾಕುವಂತಿಲ್ಲ. ಬಳಸಿದ್ದನ್ನು ತೊಳೆದು, ಪೂರ್ತಿ ಒಣಗಿಸಿ.

ಆಮ್ಲಜನಕವೂ ಔಷಧಿಯೇ

ಅದಕ್ಕೂ ಪ್ರಮಾಣವಿದೆ, ಅತಿಯಾದರೆ ಹಾನಿಯಿದೆ. ಅಸ್ತಮಾ, ನ್ಯುಮೋನಿಯಾದ ಹೆಚ್ಚಿನ ರೋಗಿಗಳಲ್ಲಿ ಆಕ್ಸಿಮೀಟರ್ 94ರಿಂದ 98 ಇದ್ದರೆ ಸಾಕು. ಆದರೆ ಹೊಗೆ, ಬೀಡಿಯಿಂದ ವರ್ಷಗಟ್ಟಲೆ ಶ್ವಾಸಕೋಶ ಸವೆದ ಸಿಒಪಿಡಿ ರೋಗಿಗೆ ಗುರಿ 88ರಿಂದ 92. '90 ಇದೆ, ಇನ್ನೂ ಏರಿಸಿ ಸಿಸ್ಟರ್' ಎಂದು ಮಗ ಒತ್ತಾಯಿಸುತ್ತಾನೆ. ಏರಿಸಿದರೆ ಕೆಲವರಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿಕೊಂಡು ತಲೆನೋವು, ಕೈ ಅದುರುವಿಕೆ, ಮಂಪರು ಬರುತ್ತವೆ ಎಂದು ಅವನಿಗೆ ತಾಳ್ಮೆಯಿಂದ ತಿಳಿಸಿ. ಇಂಥವರಿಗೆ ನೆಬ್ಯುಲೈಸರನ್ನು ಗಾಳಿಯ ಕಂಪ್ರೆಸರ್‌ನಿಂದ ಓಡಿಸಿ. ಆಮ್ಲಜನಕದಿಂದಲೇ ಓಡಿಸಬೇಕಾದರೆ 6 ನಿಮಿಷಕ್ಕೆ ಮುಗಿಸಿ.

ಮೂಗಿನ ಕೊಳವೆಯಲ್ಲಿ 1ರಿಂದ 6 ಲೀಟರ್. ಸಾದಾ ಮಾಸ್ಕಿಗೆ ಕನಿಷ್ಠ 5, ಅದಕ್ಕಿಂತ ಕಡಿಮೆಯಾದರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಾರೆ. ಚೀಲವಿರುವ ಮಾಸ್ಕಿಗೆ 10ರಿಂದ 15, ಮೊದಲು ಚೀಲ ತುಂಬಿಸಿ ಆಮೇಲೆ ಮುಖಕ್ಕೆ. ಬೀದರಿನ ಜನವರಿ ಚಳಿಯಲ್ಲಿ ಬೆರಳು ತಣ್ಣಗಿದ್ದರೆ, ಉಗುರು ಬಣ್ಣವಿದ್ದರೆ, ಮದುವೆಯ ಮದರಂಗಿ ದಟ್ಟವಾಗಿದ್ದರೆ ಆಕ್ಸಿಮೀಟರ್ ತಪ್ಪು ಹೇಳಬಹುದು. ಬೆರಳು ಉಜ್ಜಿ, ಬೇರೆ ಬೆರಳಿಗೆ ಹಾಕಿ ನೋಡಿ.

ಪಂಪ್ ಕಲಿಸುವುದು

ನನ್ನ ಮಟ್ಟಿಗೆ ಶುಶ್ರೂಷೆಯ ಅತಿ ದೊಡ್ಡ ಕೆಲಸ ಇದು, ಅತಿ ಅವಸರದಲ್ಲಿ ಮುಗಿಯುವುದೂ ಇದೇ. ಬಿಡುಗಡೆಯ ಚೀಟಿಯೊಂದಿಗೆ ಪಂಪ್ ಕೈಗಿಟ್ಟು 'ದಿನಾ ಎರಡು ಸಲ' ಎಂದು ಕಳುಹಿಸಿದರೆ ಆ ರೋಗಿ ಮತ್ತೆ ಅದೇ ಮಂಚಕ್ಕೆ ಬರುತ್ತಾರೆ.

ಮೊದಲ ಅಡ್ಡಿ ಭಯ. 'ಪಂಪ್ ಹಚ್ಚಿದರೆ ಚಟವಾಗುತ್ತದೆ, ಅದು ಕೊನೆಯ ಔಷಧಿ' ಎಂಬ ಮಾತು ಪ್ರತಿ ಊರಿನಲ್ಲಿದೆ. ಇದಕ್ಕೆ ಲೆಕ್ಕದಲ್ಲೇ ಉತ್ತರ ಕೊಡಿ. ಒಂದು ಸಾಲ್ಬುಟಮಾಲ್ ಗುಳಿಗೆ 4 ಮಿಲಿಗ್ರಾಂ, ಅಂದರೆ 4000 ಮೈಕ್ರೋಗ್ರಾಂ. ಪಂಪಿನ ಒಂದು ಒತ್ತು 100 ಮೈಕ್ರೋಗ್ರಾಂ. ಗುಳಿಗೆ ಮೈಯೆಲ್ಲ ಸುತ್ತಿ ನಲವತ್ತು ಪಾಲು ಔಷಧಿ ಹಂಚುತ್ತದೆ, ಪಂಪ್ ಒಂದು ಪಾಲನ್ನು ನೇರ ಎದೆಗೆ ಕೊಡುತ್ತದೆ. ಈ ಮಾತನ್ನು ಅಂಗಡಿ ವ್ಯಾಪಾರ ಮಾಡುವ ಕಾಕಾ ಕೂಡ, ಶಾಲೆ ಕಾಣದ ಅಮ್ಮ ಕೂಡ ಒಂದೇ ಸಲಕ್ಕೆ ಹಿಡಿಯುತ್ತಾರೆ.

ಒತ್ತುವ ಪಂಪಿಗೆ: ಮುಚ್ಚಳ ತೆಗೆದು ಚೆನ್ನಾಗಿ ಅಲುಗಾಡಿಸಿ. ಪಂಪಿಗೂ ಬಾಯಿಗೂ ನಡುವೆ ಹಿಡಿಯುವ ಟೊಳ್ಳು ಡಬ್ಬಿಗೆ, ಅಂದರೆ ಸ್ಪೇಸರ್‌ಗೆ ಜೋಡಿಸಿ. ಉಸಿರು ಪೂರ್ತಿ ಬಿಡಿ. ಸ್ಪೇಸರಿನ ತುದಿಯನ್ನು ಬಾಯಲ್ಲಿಟ್ಟು ಸುತ್ತ ತುಟಿ ಬಿಗಿಮುಚ್ಚಿ ಒಂದೇ ಸಲ ಒತ್ತಿ, ನಿಧಾನವಾಗಿ ಆಳಕ್ಕೆ ಎಳೆದು, 10 ಎಣಿಸುವವರೆಗೆ ಹಿಡಿದು ಬಿಡಿ. ಎರಡನೇ ಒತ್ತಿಗೆ ಅರ್ಧ ನಿಮಿಷ ಬಿಟ್ಟು ಮತ್ತೆ ಅಲುಗಾಡಿಸಿ. ಒಟ್ಟೊಟ್ಟಿಗೆ ಎರಡು ಒತ್ತು ಹೊಡೆಯಬಾರದು. ಸ್ಪೇಸರ್ ಕೊಳ್ಳಲಾಗದವರಿಗೆ ಅರ್ಧ ಲೀಟರ್ ನೀರಿನ ಬಾಟಲಿಯ ತಳದಲ್ಲಿ ಪಂಪಿನ ಬಾಯಿಯ ಅಳತೆಗೆ ಸರಿಯಾಗಿ ರಂಧ್ರ ಮಾಡಿಕೊಡಿ, ಬಾಟಲಿಯ ಬಾಯಿಯಿಂದ ಎಳೆಯಲಿ. ಸದ್ಯಕ್ಕೆ ಅದು ಚೆನ್ನಾಗಿಯೇ ನಡೆಯುತ್ತದೆ. ಕರೆಂಟ್ ಹೋಗುವ ಹಳ್ಳಿಗಳಲ್ಲಿ ನೆಬ್ಯುಲೈಸರ್ ಕೊಳ್ಳಲು ಸಾಲ ಮಾಡುವ ಕುಟುಂಬಗಳಿಗೆ ಇದನ್ನು ತಿಳಿಸಿ: ಸ್ಪೇಸರ್ ಹಚ್ಚಿದ ಪಂಪ್ ಹೆಚ್ಚಿನ ದಾಳಿಗಳಲ್ಲಿ ನೆಬ್ಯುಲೈಸರಿನಷ್ಟೇ ಕೆಲಸ ಮಾಡುತ್ತದೆ.

ಪುಡಿಯ ಕ್ಯಾಪ್ಸೂಲ್ ಹಾಕುವ ರೋಟಾಹೇಲರ್ ಇದಕ್ಕೆ ತದ್ವಿರುದ್ಧ. ಇಲ್ಲಿ ಜೋರಾಗಿ, ವೇಗವಾಗಿ ಎಳೆಯಬೇಕು. ಉಸಿರನ್ನು ಅದರೊಳಗೆ ಬಿಡಬಾರದು, ಪುಡಿ ತೇವವಾಗಿ ಗಂಟುಕಟ್ಟುತ್ತದೆ. ಎಳೆದ ಮೇಲೆ ತೆರೆದು ನೋಡಿ, ಪುಡಿ ಉಳಿದಿದ್ದರೆ ಮತ್ತೊಮ್ಮೆ. ಈ ಕ್ಯಾಪ್ಸೂಲನ್ನು ನೀರಿನೊಂದಿಗೆ ನುಂಗುವವರು ಈಗಲೂ ಇದ್ದಾರೆ. ನೋಡಲು ಗುಳಿಗೆಯಂತೆಯೇ ಇರುವುದರಿಂದ ತಪ್ಪು ಅವರದಲ್ಲ, ಹೇಳದವರದು. 'ಇದನ್ನು ನುಂಗುವುದಲ್ಲ' ಎಂದು ಬಾಯಲ್ಲಿ ಹೇಳಿ, ಮಾಡಿ ತೋರಿಸಿ, ಆಮೇಲೆ 'ಈಗ ನೀವು ನನಗೆ ಮಾಡಿ ತೋರಿಸಿ' ಎನ್ನಿ. ತಲೆಯಾಡಿಸಿದರೆಂದು ಬಿಡಬೇಡಿ.

ಎರಡು ಪಂಪ್ ಕೊಟ್ಟಿದ್ದರೆ ಯಾವುದು ದಿನವೂ, ಯಾವುದು ದಮ್ಮು ಬಂದಾಗ ಎಂದು ಬಣ್ಣದ ದಾರ ಕಟ್ಟಿಕೊಡಿ. ಸ್ಟೆರಾಯ್ಡ್ ಇರುವ ದಿನದ ಪಂಪನ್ನು ಆರಾಮಾಯಿತೆಂದು ಬಿಡುವುದೇ ಮುಂದಿನ ದಾಳಿಗೆ ಮುಖ್ಯ ಕಾರಣ. ಅಸ್ತಮಾದವರು ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಂಡಿರುವುದು ಅಪಾಯವೆಂದು 2019ರಿಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತಾ ಬಂದಿದೆ.

ಇನ್ನು ನಮ್ಮ ಬಿಸಿಲು. ಮೇ ತಿಂಗಳಲ್ಲಿ ತಗಡಿನ ಮನೆಯೊಳಗೆ, ನಿಲ್ಲಿಸಿದ ಟಂಟಂನ ಡ್ಯಾಶ್‌ಬೋರ್ಡಿನಲ್ಲಿ ಪಂಪ್ ಇಟ್ಟರೆ ಔಷಧಿ ಕೆಡುತ್ತದೆ, ಡಬ್ಬಿ ಸಿಡಿಯಲೂಬಹುದು. ತಂಪೆಂದು ನೀರಿನ ಮಡಕೆಯ ಪಕ್ಕದಲ್ಲಿಟ್ಟರೆ ಕ್ಯಾಪ್ಸೂಲ್ ತೇವ ಹಿಡಿಯುತ್ತದೆ. ಒಳಕೋಣೆಯ ಕಲ್ಲಿನ ಗೂಡು, ಒಲೆಯಿಂದ ದೂರ, ಮಕ್ಕಳ ಕೈಗೆ ಸಿಗದಷ್ಟು ಎತ್ತರ: ಅದೇ ಸರಿಯಾದ ಜಾಗ.

ಕೆಮ್ಮಿನ ಸಿರಪ್ ಬಗ್ಗೆ ಎರಡು ಮಾತು

ಎರಡು ವರ್ಷದೊಳಗಿನ ಮಗುವಿಗೆ ಕೆಮ್ಮು, ನೆಗಡಿಯ ಸಿರಪ್ ಬೇಡ, ಐದು ವರ್ಷದೊಳಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಅಕ್ಟೋಬರ್‌ನಲ್ಲಿ ಸೂಚಿಸಿದೆ. ಕೋಡೀನ್ ಇರುವ ಸಿರಪ್ ಉಸಿರಾಟವನ್ನೇ ಕುಗ್ಗಿಸುತ್ತದೆ, ದಮ್ಮಿನವರಿಗೆ ಅದು ಶತ್ರು. ಒಂದು ವರ್ಷ ದಾಟಿದ ಮಗುವಿಗೆ ಒಂದು ಚಮಚ ಜೇನು ಕೊಡಬಹುದು, ಅದಕ್ಕಿಂತ ಚಿಕ್ಕ ಕೂಸಿಗೆ ಜೇನೂ ಬೇಡ. ವೇಗವಾಗಿ ಉಸಿರಾಡುವ ಮಗುವಿನ ಹೊಟ್ಟೆಗೆ ಬರೆ ಎಳೆಯುವ ಪದ್ಧತಿ ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ. ಉಸಿರು ಎಣಿಸುವುದನ್ನು ಅಜ್ಜಿಗೇ ಕಲಿಸಿ, ಮುಂದಿನ ಸಲ ಬೇಗ ಕರೆತರುವವರು ಅವರೇ ಆಗುತ್ತಾರೆ.

ಮನೆಗೆ ಕಳುಹಿಸುವಾಗ

ಮನೆಯಲ್ಲಿ ದಾಳಿ ಬಂದರೆ ಏನು ಮಾಡಬೇಕೆಂದು ಚೀಟಿಯ ಹಿಂಬದಿಯಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ, ಬೇಕಾದರೆ ಉರ್ದು, ಮರಾಠಿ ಬಲ್ಲ ಸಹೋದ್ಯೋಗಿಯಿಂದ ಬರೆಸಿ: ಕೂರಿಸಿ, ಸ್ಪೇಸರ್‌ನಲ್ಲಿ ಸಾಲ್ಬುಟಮಾಲ್ ನಾಲ್ಕು ಒತ್ತು ಒಂದೊಂದಾಗಿ, 20 ನಿಮಿಷ ನೋಡಿ, ಇಳಿಯದಿದ್ದರೆ ಮತ್ತೆ ನಾಲ್ಕು. ಅಷ್ಟರಲ್ಲಿ 108ಕ್ಕೆ ಕರೆ ಮಾಡಿ, ಗಾಡಿ ಬರುವವರೆಗೆ ಮುಂದುವರಿಸಿ. ಮಾತನಾಡಲಾಗದಿದ್ದರೆ, ತುಟಿ ನೀಲಿಯಾಗಿದ್ದರೆ ಕಾಯದೆ ಮೊದಲೇ ಕರೆ.

ಕಲ್ಲು ಒಡೆಯುವ, ಪಾಲಿಶ್ ಮಾಡುವ ಕೆಲಸದವರಾದರೆ ಅದನ್ನು ಕೇಸ್ ಶೀಟಿನಲ್ಲಿ ಎದ್ದು ಕಾಣುವಂತೆ ಬರೆಯಿರಿ. ಕಲ್ಲಿನ ಸೂಕ್ಷ್ಮ ದೂಳಿನಿಂದ ಬರುವ ಸಿಲಿಕೋಸಿಸ್‌ಗೆ ಗುಣಪಡಿಸುವ ಔಷಧಿಯಿಲ್ಲ, ಪಂಪ್ ಅಲ್ಪ ಹಿತ ಕೊಡಬಹುದಷ್ಟೇ, ಮತ್ತು ಅವರಿಗೆ ಟಿ.ಬಿ. ಹತ್ತುವ ಸಾಧ್ಯತೆ ಹೆಚ್ಚು. ಯಾರಿಗೇ ಆಗಲಿ ಕೆಮ್ಮು ಎರಡು ವಾರ ದಾಟಿದ್ದರೆ ಕಫ ಪರೀಕ್ಷೆಗೆ ಡಬ್ಬಿ ಕೊಟ್ಟು, ಬೆಳಗಿನ ಮೊದಲ ಕಫ ತರಲು ಹೇಳಿ. ಬರಿ ಉಗುಳಲ್ಲ, ಎದೆಯಾಳದಿಂದ ಕೆಮ್ಮಿ ತೆಗೆದದ್ದು. ಮರುಭೇಟಿಯ ದಿನಾಂಕವನ್ನು ಸಂತೆಯ ದಿನಕ್ಕೆ ಹೊಂದಿಸಿ ಕೊಡಿ, ಹೇಗೂ ಪೇಟೆಗೆ ಬರುತ್ತಾರೆ. ಬರುವಾಗ ಪಂಪ್ ಜೊತೆಗೆ ತರಲು ಹೇಳಿ, ಬಂದಾಗ ಮೊದಲು ಅದನ್ನು ಹೇಗೆ ಎಳೆಯುತ್ತಾರೆಂದು ನೋಡಿ, ಆಮೇಲೆ ಔಷಧಿ ಬದಲಿಸುವ ಮಾತು.